ಆರ್‌ಸಿ ಯಾರ ಹೆಸರಲ್ಲಿ? ದುಡ್ಡು ಯಾರ ಖಾತೆಗೆ?

ಇವತ್ತು ರಾಜಕೀಯ ಬೇಡ. ಒಂದು ಕಾರಿನ ವಿಚಾರ ಮಾತಾಡೋಣ. ಶೋರೂಮಿನ ಹೊಸ ಕಾರಲ್ಲ, ಸೆಕೆಂಡ್ ಹ್ಯಾಂಡ್ ಕಾರು.

ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆ ನೋಡಿ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ್ರೆ ಭತ್ತ. ಭತ್ತ ಮಾರಿದ್ರೆ ಕೈಯಲ್ಲಿ ನಾಲ್ಕು ಕಾಸು. ಮನೆಯಲ್ಲಿ ಮೊದಲ ಮಾತು ಸಾಲ ತೀರಿಸೋದು, ಎರಡನೇ ಮಾತು ಒಂದು ಕಾರು ತಗೊಳ್ಳೋದು. ತಪ್ಪೇನೂ ಇಲ್ಲ. ವಯಸ್ಸಾದ ತಾಯಿಯನ್ನ ರಾಯಚೂರಿನ ಆಸ್ಪತ್ರೆಗೆ ಬಸ್ಸಿನಲ್ಲಿ ನಿಲ್ಲಿಸಿಕೊಂಡು ಹೋಗೋದು ಎಷ್ಟು ದಿನ?

ಹಳೇ ಕಾರು ನೋಡೋಕೆ ಹೋಗ್ತೀರಿ. ಜೊತೆಗೆ ಮೆಕ್ಯಾನಿಕ್ ಬರ್ತಾನೆ, ಭಾವಮೈದ ಬರ್ತಾನೆ. ಎಂಜಿನ್ ಶಬ್ದ ಕೇಳ್ತೀರಿ, ಟೈರ್ ಒದ್ದು ನೋಡ್ತೀರಿ, 5 ಸಾವಿರ ಕಡಿಮೆ ಮಾಡಿಸೋಕೆ ಅರ್ಧ ದಿನ ಚೌಕಾಸಿ ಮಾಡ್ತೀರಿ. ಆಮೇಲೆ ಆ 4 ಲಕ್ಷ ರೂಪಾಯಿಯನ್ನ ಹೇಗೆ ಕೊಡಬೇಕು ಅಂತ ಎಷ್ಟು ಹೊತ್ತು ಯೋಚನೆ ಮಾಡ್ತೀರಿ? ಐದು ನಿಮಿಷವೂ ಇಲ್ಲ! ನನ್ನ ಪ್ರಶ್ನೆ ಇರೋದೇ ಅಲ್ಲಿ.

'ನಮ್ಮ ಕಡೆ ಎಲ್ಲಾ ನಗದು ಸಾರ್, ಚೀಲದಲ್ಲಿ ತಂದು ಟೇಬಲ್ ಮೇಲೆ ಎಣಿಸಿಬಿಟ್ರೆ ಮುಗೀತು' ಅಂತೀರಿ. ಮುಗಿಯಲ್ಲ ಸ್ವಾಮಿ, ಶುರುವಾಗುತ್ತೆ. 2017ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ನಿಯಮ ಇದೆ. ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಹಣವನ್ನ ನಗದಾಗಿ ತೆಗೆದುಕೊಳ್ಳುವಂತಿಲ್ಲ. ತೆಗೆದುಕೊಂಡವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇವತ್ತು ಒಂದಿಷ್ಟು, ನಾಳೆ ಒಂದಿಷ್ಟು ಅಂತ ಒಡೆದು ಕೊಟ್ಟರೂ ವ್ಯವಹಾರ ಒಂದೇ. ದಂಡ ಮಾರುವವನಿಗೆ ಇರಬಹುದು, ಆದರೆ ನಷ್ಟ ನಿಮಗೆ. ನಾಳೆ ಅವನು 'ನನಗೆ ಬಂದಿದ್ದು ಮೂರೇ ಲಕ್ಷ' ಅಂದ್ರೆ ನಿಮ್ಮ ಹತ್ತಿರ ಏನು ಸಾಕ್ಷಿ ಇದೆ? ನೋಟಿಗೆ ನಾಲಿಗೆ ಇಲ್ಲ.

ಇನ್ನು ಹುಡುಗರು. ಅವರು ನಗದು ಮುಟ್ಟೋದೇ ಇಲ್ಲ, ಎಲ್ಲಾ ಫೋನಿನಲ್ಲೇ. ಮೊಬೈಲ್‌ನಲ್ಲಿ ಒಂದು ಜಾಹೀರಾತು. ಕಾರು ಫಳಫಳ ಹೊಳೀತಿದೆ, ಬೆಲೆ ಅರ್ಧಕ್ಕರ್ಧ. ಮಾರುವವನು 'ನಾನು ಸೇನೆಯಲ್ಲಿದ್ದೀನಿ, ವರ್ಗಾವಣೆ ಆಗಿದೆ, ಅದಕ್ಕೇ ಅಗ್ಗಕ್ಕೆ ಕೊಡ್ತಿದ್ದೀನಿ' ಅಂತಾನೆ. ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಎಲ್ಲಾ ವಾಟ್ಸಾಪ್‌ಗೆ ಬರುತ್ತೆ. ಮೊದಲು ಬುಕಿಂಗ್‌ಗೆ ಇಷ್ಟು, ಆಮೇಲೆ ಗೇಟ್ ಪಾಸ್‌ಗೆ ಇಷ್ಟು, ಸಾಗಾಣಿಕೆಗೆ ಇಷ್ಟು. ಹಣ ಹೋಗ್ತಾನೇ ಇರುತ್ತೆ, ಕಾರು ಬರೋದೇ ಇಲ್ಲ. ದೇಶದ ಊರೂರಿನಲ್ಲಿ ಸೈಬರ್ ಪೊಲೀಸರು ಎಚ್ಚರಿಸುತ್ತಾ ಬಂದಿರೋ ಮೋಸ ಇದು. ಸೈನಿಕರ ಮೇಲೆ ನಮಗಿರೋ ಗೌರವವನ್ನೇ ಕಳ್ಳರು ಬಂಡವಾಳ ಮಾಡ್ಕೊಂಡಿದ್ದಾರೆ. ಕಾರನ್ನ ಕಣ್ಣಾರೆ ನೋಡದೆ ಒಂದು ರೂಪಾಯಿ ಕೂಡ ಕಳಿಸಬೇಡಿ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಉತ್ತರ ಮಸ್ಕಿಯಲ್ಲೇ ಇದೆ!

1915ರಲ್ಲಿ ಮಸ್ಕಿಯಲ್ಲಿ ಒಂದು ಬಂಡೆ ಶಾಸನ ಸಿಕ್ತು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ 'ದೇವಾನಾಂಪ್ರಿಯ' ಅನ್ನೋ ಬಿರುದು ಇತ್ತು, ಆದರೆ ಆ ರಾಜ ಯಾರು ಅನ್ನೋದಕ್ಕೆ ಕಲ್ಲಿನ ಸಾಕ್ಷಿ ಇರಲಿಲ್ಲ. ಮಸ್ಕಿಯ ಬಂಡೆ ಮೇಲೆ ಬಿರುದಿನ ಜೊತೆ ಅಶೋಕ ಅನ್ನೋ ಹೆಸರೂ ಇತ್ತು. ಎರಡೂ ಒಂದೇ ಕಡೆ ಸಿಕ್ಕಿದ ಮೇಲೆ ಅನುಮಾನ ಹೋಯ್ತು. ಚಕ್ರವರ್ತಿಗೇ ಹೆಸರು ತಾಳೆ ನೋಡಿದ್ದಾರೆ ಕಣ್ರೀ, ಕಾರು ಮಾರುವವನಿಗೆ ನೋಡಬಾರದಾ?

ಆರ್‌ಸಿಯಲ್ಲಿ ಇರೋ ಹೆಸರು, ನಿಮ್ಮ ಎದುರು ಕೂತವನ ಗುರುತಿನ ಚೀಟಿಯ ಹೆಸರು, ದುಡ್ಡು ಹೋಗೋ ಬ್ಯಾಂಕ್ ಖಾತೆಯ ಹೆಸರು. ಈ ಮೂರೂ ಒಂದೇ ಇರಬೇಕು. 'ನಮ್ಮ ಅಣ್ಣನ ಖಾತೆಗೆ ಹಾಕಿ', 'ಬ್ರೋಕರ್ ನಂಬರ್‌ಗೆ ಕಳಿಸಿ' ಅಂದ್ರೆ ಎದ್ದು ಬನ್ನಿ. ಎಂಪರಿವಾಹನ್ ಆ್ಯಪ್‌ನಲ್ಲಿ ಗಾಡಿ ನಂಬರ್ ಹಾಕಿ ಆರ್‌ಸಿ ವಿವರ ಹೋಲಿಸಿ ನೋಡಿ.

ಆರ್‌ಸಿಯಲ್ಲಿ ಬ್ಯಾಂಕಿನದೋ ಫೈನಾನ್ಸ್ ಕಂಪನಿಯದೋ ಹೆಸರಿದ್ರೆ ಕಾರಿನ ಮೇಲೆ ಸಾಲ ಇದೆ ಅಂತ ಅರ್ಥ. ಆಗ ಪೂರ್ತಿ ದುಡ್ಡು ಮಾರುವವನ ಕೈಗೆ ಕೊಟ್ಟು 'ಸಾಲ ತೀರಿಸ್ಕೋ' ಅನ್ನಬೇಡಿ. ಅವನು ತೀರಿಸದಿದ್ರೆ ಒಂದು ದಿನ ಫೈನಾನ್ಸ್‌ನವರು ಬಂದು ಗಾಡಿ ಎಳ್ಕೊಂಡು ಹೋಗ್ತಾರೆ. ಬಾಕಿ ಎಷ್ಟು ಅಂತ ಬ್ಯಾಂಕಿನಿಂದ ಬರಹದಲ್ಲಿ ತಗೊಳ್ಳಿ. ಅಷ್ಟನ್ನ ನೇರವಾಗಿ ಸಾಲದ ಖಾತೆಗೇ ಕಟ್ಟಿ, ಉಳಿದದ್ದು ಮಾತ್ರ ಮಾಲೀಕನಿಗೆ. ಬ್ಯಾಂಕಿನ ಎನ್‌ಒಸಿ ಮತ್ತು ಫಾರ್ಮ್ 35 ಕೈಗೆ ಬರಲೇಬೇಕು.

ಕೊಡೋದು ಹೇಗೆ? ಇಬ್ಬರೂ ಒಟ್ಟಿಗೆ ಬ್ಯಾಂಕ್ ಶಾಖೆಗೆ ಹೋಗಿ. 2 ಲಕ್ಷ ಮತ್ತು ಅದಕ್ಕಿಂತ ಹೆಚ್ಚಿದ್ರೆ ಆರ್‌ಟಿಜಿಎಸ್, ಕಡಿಮೆ ಇದ್ರೆ ಎನ್‌ಇಎಫ್‌ಟಿ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಸಾಮಾನ್ಯವಾಗಿ ದಿನಕ್ಕೆ 1 ಲಕ್ಷದವರೆಗೆ ಮಾತ್ರ, ಮುಂಗಡಕ್ಕೆ ಅದು ಸಾಕು. ಹಣ ಖಾತೆಗೆ ಬಿದ್ದಿದ್ದು ಅವನು ನೋಡಲಿ, ಫಾರ್ಮ್ 29 ಮತ್ತು 30ಕ್ಕೆ ಸಹಿ ಬೀಳೋದು ನೀವು ನೋಡಿ. ಆರ್‌ಸಿ, ವಿಮೆ, ಎರಡೂ ಕೀಲಿ ಅದೇ ಟೇಬಲ್ ಮೇಲೆ ನಿಮ್ಮ ಕೈಗೆ. ದುಡ್ಡು ಮೊದಲಾ, ಕಾಗದ ಮೊದಲಾ ಅನ್ನೋ ಜಗಳವೇ ಇಲ್ಲ.

ಮಾರುವವರಿಗೂ ಒಂದು ಮಾತು. ಫೋನಿಗೆ ಬಂದ ಮೆಸೇಜ್, ಸ್ಕ್ರೀನ್‌ಶಾಟ್ ನಂಬಿ ಕೀಲಿ ಕೊಡಬೇಡಿ. ಖಾತೆ ತೆರೆದು ಬ್ಯಾಲೆನ್ಸ್ ನೋಡಿ. ಚೆಕ್ ಕೊಟ್ರೆ ಹಣ ಜಮಾ ಆಗೋವರೆಗೆ ಗಾಡಿ ನಿಮ್ಮ ಅಂಗಳದಲ್ಲೇ ಇರಲಿ. ಡಿಡಿ ಕೊಟ್ರೆ ಅದನ್ನ ಕೊಟ್ಟ ಶಾಖೆಯಲ್ಲೇ ವಿಚಾರಿಸಿ, ನಕಲಿ ಡಿಡಿಗಳೂ ಇವೆ. ದುಡ್ಡು ಪಡೆಯೋಕೆ ಪಿನ್ ಹಾಕು ಅಂದವನು ಕಳ್ಳ, ಎರಡನೇ ಮಾತಿಲ್ಲ. ಮತ್ತೆ, ಆರ್‌ಟಿಒ ದಾಖಲೆಯಲ್ಲಿ ಹೆಸರು ಬದಲಾಗೋವರೆಗೆ ಜವಾಬ್ದಾರಿ ನಿಮ್ಮದೇ. ಮಾರಿದ ಗಾಡಿ ಅಪಘಾತ ಮಾಡಿದ್ರೂ ನೋಂದಾಯಿತ ಮಾಲೀಕನೇ ಹೊಣೆ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಷ್ಟೆಲ್ಲಾ ಕೇಳಿದ್ರೆ ಎದುರಿನವನು 'ನನ್ನ ಮೇಲೆ ನಂಬಿಕೆ ಇಲ್ವಾ?' ಅಂತ ಮುಖ ಸಿಂಡರಿಸಬಹುದು. ಹಟ್ಟಿಯ ಗಣಿ ಇರೋ ಲಿಂಗಸುಗೂರು ತಾಲೂಕಿನವರಿಗೆ ನಾನು ಹೇಳಬೇಕಾಗಿಲ್ಲ, ಒರೆಗೆ ಹಚ್ಚಿದ್ರೆ ಚಿನ್ನಕ್ಕೆ ಅವಮಾನ ಆಗಲ್ಲ. ಪ್ರಾಮಾಣಿಕ ಮನುಷ್ಯ ಬ್ಯಾಂಕಿಗೆ ಬರೋಕೆ ಹೆದರಲ್ಲ. ಹೆದರಿದ್ರೆ ಆ ಕಾರು ನಿಮಗೆ ಬೇಡ.

ಒಂದು ವೇಳೆ ಮೋಸ ಆಗೇಹೋಯ್ತಾ? ಮರ್ಯಾದೆಗೆ ಅಂಜಿ ಸುಮ್ಮನೆ ಕೂರಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಎಷ್ಟು ಬೇಗ ಹೇಳ್ತೀರೋ, ಹಣ ಅಲ್ಲೇ ತಡೆಯೋ ಅವಕಾಶ ಅಷ್ಟು ಹೆಚ್ಚು.

ಕೆಸರಲ್ಲಿ ನಿಂತು ನಾಟಿ ಮಾಡಿದ ದುಡ್ಡು ಅದು. ಕಾರನ್ನ ಅರ್ಧ ದಿನ ನೋಡಿದವರು, ದುಡ್ಡು ಹೋಗೋ ದಾರಿಯನ್ನ ಅರ್ಧ ಗಂಟೆ ನೋಡಿ.