ಎರೆಹೊಲದ ಎರ್ಲಡ್ಡು ಮತ್ತು ಬೇಸಾಯ



ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಎರ್ಲಡ್ಡು ಎಂಬ ದೊಡ್ಡ ಹಕ್ಕಿಯನ್ನು ಹಿರಿಯರು ಬಲ್ಲರು. ಎರೆಭೂತವೆಂದೂ ಇದಕ್ಕೆ ಹೆಸರು. ಗಂಡು ಹಕ್ಕಿ ಸುಮಾರು ಮೂರಡಿ ಎತ್ತರವಿದ್ದು 15 ಕಿಲೋವರೆಗೂ ತೂಗುತ್ತದೆ. ಇಂದು ದೇಶದಲ್ಲಿ ಉಳಿದಿರುವುವು 200ಕ್ಕೂ ಕಡಿಮೆ. ಬಹುಪಾಲು ರಾಜಸ್ಥಾನದ ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಈಚಿನ ವರ್ಷಗಳಲ್ಲಿ ಕಂಡಿರುವುವು ಬೆರಳೆಣಿಕೆಯಷ್ಟು.

ಇದು ದಟ್ಟ ಕಾಡಿನ ಹಕ್ಕಿಯಲ್ಲ. ಹುಲ್ಲುಗಾವಲು, ಬೀಳುಭೂಮಿ, ಖುಷ್ಕಿ ಹೊಲಗಳೇ ಇದರ ನೆಲೆ. ಮಿಡತೆ, ಜೀರುಂಡೆಗಳನ್ನು ತಿನ್ನುತ್ತದೆ. ಶೇಂಗಾವನ್ನೂ ಹೆಕ್ಕುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಬರಿ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯಿಟ್ಟು ಸುಮಾರು ನಾಲ್ಕು ವಾರ ಕಾವು ಕೊಡುತ್ತದೆ. ನಾಯಿ ಬಂದರೂ ಕುಂಟೆ ಹಾಯ್ದರೂ ಆ ಸಂತಾನ ಹೋದಂತೆಯೇ. ಹಾರುವಾಗ ಎದುರಿನ ವಿದ್ಯುತ್ ತಂತಿ ಬೇಗನೆ ಕಾಣದೆ ಬಡಿದು ಸಾಯುವುದೂ ಉಂಟು.

ತುಂಗಭದ್ರೆಯ ಕಾಲುವೆ ಬಂದ ಮೇಲೆ ಸಿರುಗುಪ್ಪ ಸೀಮೆಯ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ರೈತರ ಬದುಕು ಸುಧಾರಿಸಿತು. ಎರ್ಲಡ್ಡು ಮಾತ್ರ ಗದ್ದೆಯಲ್ಲಿ ಬಾಳದು. ಹಾಗೆಂದು ನೀರು ಬೇಡವೆಂದು ಯಾವ ರೈತನಿಗೆ ಹೇಳುವುದು?

ಮಧ್ಯಪ್ರದೇಶದ ಕರೇರಾದಲ್ಲಿ ನಡೆದುದನ್ನು ಕೇಳಿರಿ. 1981ರಲ್ಲಿ ಈ ಹಕ್ಕಿಗಾಗಿ ಅಲ್ಲಿ ಸುಮಾರು 200 ಚದರ ಕಿಲೋಮೀಟರ್ ಪ್ರದೇಶವನ್ನು ಅಭಯಧಾಮವೆಂದು ಸಾರಲಾಯಿತು. ಅದರೊಳಗೆ ರೈತರ ಸ್ವಂತ ಜಮೀನುಗಳೂ ಸೇರಿದ್ದುವು. ಜಮೀನು ಮಾರುವಂತಿಲ್ಲವೆಂದಾಯಿತು. ಮಗಳ ಮದುವೆ, ಸಾಲ, ಕಾಯಿಲೆ ಯಾವುದಕ್ಕೂ ಹೊಲ ಒದಗದಾಯಿತು. ಕೃಷ್ಣಮೃಗಗಳು ಹೆಚ್ಚಿ ಬೆಳೆ ಮೇಯತೊಡಗಿದುವು. ಜನರ ಮನಸ್ಸು ಮುರಿಯಿತು. 1990ರ ದಶಕದ ಮಧ್ಯದ ವೇಳೆಗೆ ಹಕ್ಕಿಯೂ ಅಲ್ಲಿಂದ ಕಾಣೆಯಾಯಿತು. ಮಾರಾಟದ ನಿರ್ಬಂಧ ಮಾತ್ರ ಆಮೇಲೂ ಬಹುಕಾಲ ಉಳಿಯಿತು. ಮಹಾರಾಷ್ಟ್ರದ ಸೊಲ್ಲಾಪುರ ಕಡೆ 1979ರಲ್ಲಿ ಸಾರಿದ ಅಭಯಧಾಮವಂತೂ 8,000 ಚದರ ಕಿಲೋಮೀಟರಿಗೂ ಮಿಗಿಲಾಗಿತ್ತು. ಊರು, ಹೊಲ ಎಲ್ಲ ಅದರೊಳಗೆ! 2012ರಲ್ಲಿ ಅದನ್ನು ಬಹಳವಾಗಿ ಕುಗ್ಗಿಸಬೇಕಾಯಿತು.

ರೈತನ ಹೊಲದಲ್ಲಿ ಬಾಳುವ ಹಕ್ಕಿಯನ್ನು ರೈತನನ್ನು ಹೊರಗಿಟ್ಟು ಉಳಿಸಲಾಗದು. ಖುಷ್ಕಿ ಬೇಸಾಯವನ್ನೇ ಮುಂದುವರಿಸಿ ಹಕ್ಕಿಗೆ ಎಡೆಕೊಡುವವನಿಗೆ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡುವುದು ನ್ಯಾಯ. ಹೊಸ ತಂತಿ ಎಳೆಯುವವರೂ ಈ ನೆಲೆಗಳನ್ನು ಬಿಟ್ಟು ಸಾಗಬೇಕು.

ರೈತರು ಮಾಡಬಹುದಾದುದೂ ಇದೆ. ಹಕ್ಕಿ ಓಡಾಡುವ ಹೊಲದಲ್ಲಿ ಕೀಟದ ಬಾಧೆ ನೋಡಿಯೇ ಔಷಧಿ ಹೊಡೆಯಬೇಕು, ವಾಡಿಕೆಗೆಂದು ಬೇಡ. ನಾಯಿಗಳನ್ನು ಅತ್ತ ಬಿಡಬಾರದು. ಮೊಟ್ಟೆ ಕಂಡರೆ ಮುಟ್ಟದೆ, ಸುತ್ತ ಜನ ಸೇರಿಸದೆ, ಅಷ್ಟು ಜಾಗವನ್ನು ಉಳದೆ ಬಿಟ್ಟು ಅರಣ್ಯ ಇಲಾಖೆಗೆ ಕೂಡಲೇ ತಿಳಿಸಬೇಕು.