ತಂತಿಯ ತುದಿಯ ಒಡೆತನ



1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೆ ದೊರೆತ ಟೆಲಿಫೋನ್ ಪೇಟೆಂಟಿನ ಅವಧಿ ತೀರಿ, ಅಮೆರಿಕದ ಊರೂರುಗಳಲ್ಲಿ ಸ್ವತಂತ್ರ ಕಂಪನಿಗಳು ಸಹಸ್ರ ಸಂಖ್ಯೆಯಲ್ಲಿ ತಲೆಯೆತ್ತಿದಾಗ, ಬೆಲ್ ಬಳಗದ ಹಿರಿಯ ಸಂಸ್ಥೆಯಾದ ಎ.ಟಿ. ಅಂಡ್ ಟಿ.ಯು ದೂರದೂರಿನ ತನ್ನ ತಂತಿಗೆ ಅವರ ತಂತಿಯನ್ನು ಸೇರಿಸಗೊಡಲಿಲ್ಲ. ಎರಡು ಕಂಪನಿಗಳಿದ್ದ ಊರಿನಲ್ಲಿ ಎಷ್ಟೋ ವರ್ತಕರು ಎರಡು ಟೆಲಿಫೋನುಗಳನ್ನು ಇರಿಸಿಕೊಳ್ಳಬೇಕಾಯಿತು. 1913ರಲ್ಲಿ, ಸರ್ಕಾರವು ಏಕಸ್ವಾಮ್ಯ ವಿರೋಧಿ ಶಾಸನವನ್ನು ಮುಂದೊಡ್ಡಿದ ಮೇಲೆ, ಆ ಸಂಸ್ಥೆಯು ತಂತಿ ಸೇರಿಸಲು ಒಪ್ಪಿತಾದರೂ, ತಂತಿಯ ತುದಿಯಲ್ಲಿದ್ದ ಉಪಕರಣದ ಮೇಲಣ ಪ್ರಭುತ್ವವನ್ನು ಬಿಟ್ಟುಕೊಡಲಿಲ್ಲ. ಕಂಪನಿ ಕೊಡದ ಯಾವ ವಸ್ತುವನ್ನೂ ಟೆಲಿಫೋನಿಗೆ ತಗುಲಿಸತಕ್ಕದ್ದಲ್ಲವೆಂಬುದು ಅದರ ನಿಯಮವಾಗಿದ್ದಿತು.

ಈ ನಿಯಮವನ್ನು ಅಲುಗಿಸಿದ್ದು ಅತ್ಯಲ್ಪವಾದ ಒಂದು ವಸ್ತು. ಹಷ್-ಎ-ಫೋನ್ ಎಂಬ ಹೆಸರಿನ ಆ ಬಟ್ಟಲನ್ನು ಟೆಲಿಫೋನಿನ ಮಾತಾಡುವ ತುದಿಗೆ ಸಿಕ್ಕಿಸಿದರೆ, ಪಕ್ಕದಲ್ಲಿ ಕುಳಿತವನಿಗೆ ಮಾತು ಕೇಳಿಸುತ್ತಿರಲಿಲ್ಲ. ಅದರಲ್ಲಿ ವಿದ್ಯುತ್ತೂ ಇಲ್ಲ, ಯಂತ್ರವೂ ಇಲ್ಲ. ಅದರಿಂದ ಧ್ವನಿ ಕೆಡುವುದೆಂಬ ಕಂಪನಿಯ ವಾದಕ್ಕೆ ಕೇಂದ್ರದ ಸಂಪರ್ಕ ಆಯೋಗವೂ ತಲೆದೂಗಿತು. ಆದರೆ 1956ರಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿ ನ್ಯಾಯಾಲಯವು, ಅಂಗೈಯನ್ನು ಬೊಗಸೆ ಮಾಡಿ ಮಾತಾಡಲು ಅಡ್ಡಿಯಿಲ್ಲದಿರುವಾಗ ಅದೇ ಕೆಲಸವನ್ನು ಬಟ್ಟಲಿನಿಂದ ಮಾಡುವುದಕ್ಕೆ ಅಡ್ಡಿಯೇಕೆಂದು ಕೇಳಿ, ಸಾರ್ವಜನಿಕರಿಗೆ ಬಾಧಕವಾಗದಂತೆ ತನ್ನ ಟೆಲಿಫೋನನ್ನು ತನಗೆ ಹಿತವಾಗುವಂತೆ ಬಳಸುವ ಹಕ್ಕು ಚಂದಾದಾರನಿಗುಂಟೆಂದು ತೀರ್ಮಾನಿಸಿತು. ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ತೀರ್ಪಿದು. ಹಾನಿಯನ್ನು ತೋರಿಸಿಕೊಡುವ ಹೊಣೆ ಬಲಿಷ್ಠನದೆಂಬ ನ್ಯಾಯ ಇದರಲ್ಲಿ ಅಡಗಿದೆ.

ಟೆಕ್ಸಾಸಿನ ಥಾಮಸ್ ಕಾರ್ಟರನು, ಎಣ್ಣೆಬಾವಿಗಳ ಬಯಲಿನಲ್ಲಿ ದುಡಿಯುವವರು ರೇಡಿಯೋ ಮೂಲಕ ಊರಿನ ಟೆಲಿಫೋನಿನವರೊಡನೆ ಮಾತಾಡುವಂತೆ, ಟೆಲಿಫೋನಿನ ಹಿಡಿಯನ್ನೇ ತೊಟ್ಟಿಲಿನಂತಹ ಒಂದು ಪೀಠದಲ್ಲಿ ಮಲಗಿಸುವ ಉಪಕರಣವನ್ನು ನಿರ್ಮಿಸಿದನು. ಆ ತೀರ್ಪು ಬಂದ ಮೇಲೂ ಕಂಪನಿಯು ಇದನ್ನು ತಡೆಯಿತು. 1968ರಲ್ಲಿ ಅದೇ ಆಯೋಗವು, ಈ ಸಲ ಹಳೆಯ ತೀರ್ಪನ್ನು ಅನುಸರಿಸಿ, ಆ ನಿಯಮವನ್ನೇ ರದ್ದುಗೊಳಿಸಿತು. ಮನೆಯ ಕಂಪ್ಯೂಟರನ್ನು ಜಗತ್ತಿಗೆ ಜೋಡಿಸಿದ ಮೋಡೆಮನ್ನು ಯಾರು ಬೇಕಾದರೂ ತಯಾರಿಸಿ ಮಾರುವಂತಾದುದು ಇದರ ಫಲ.

1974ರಲ್ಲಿ ಎ.ಟಿ. ಅಂಡ್ ಟಿ.ಯ ಮೇಲೆ ಸರ್ಕಾರ ಹೂಡಿದ ಮೊಕದ್ದಮೆಯು ನ್ಯಾಯಾಧೀಶ ಹೆರಾಲ್ಡ್ ಗ್ರೀನರ ಮುಂದೆ ರಾಜಿಯಲ್ಲಿ ಮುಗಿದು, 1984ರ ಜನವರಿ 1ರಂದು ಬೆಲ್ ಬಳಗದಿಂದ ಏಳು ಪ್ರಾದೇಶಿಕ ಕಂಪನಿಗಳು ಬೇರ್ಪಟ್ಟವು. 1998ರಲ್ಲಿ ಮೈಕ್ರೋಸಾಫ್ಟಿನ ಮೇಲೆ ಹೂಡಿದ ದಾವೆಯಲ್ಲಿ ಹಳೆಯ ಪ್ರಶ್ನೆ ಹೊಸ ರೂಪದಲ್ಲಿ ಮರಳಿತು: ಕಂಪ್ಯೂಟರಿನೊಳಗೆ ಬ್ರೌಸರನ್ನು ಬೆಸೆದು ಕೊಟ್ಟು ಇತರರ ದಾರಿಯನ್ನು ಮುಚ್ಚಬಹುದೆ?

ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನು ಎತ್ತಿದವರು ಪ್ರತಿಸ್ಪರ್ಧಿ ಕಂಪನಿಗಳವರಲ್ಲ, ಕೆಲವರು ನಾಗರಿಕರು. ಆಂಡ್ರಾಯ್ಡ್ ಫೋನುಗಳಲ್ಲಿ ಗೂಗಲ್ ತನ್ನ ಆ್ಯಪ್‌ಗಳನ್ನು ಕಡ್ಡಾಯವಾಗಿ ತುಂಬಿಸುತ್ತಿದೆಯೆಂಬ ಅವರ ದೂರನ್ನು ವಿಚಾರಿಸಿದ ಭಾರತೀಯ ಸ್ಪರ್ಧಾ ಆಯೋಗವು, 2022ರ ಅಕ್ಟೋಬರಿನಲ್ಲಿ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. ಫೋನ್ ಕೊಂಡವನು ಹುಡುಕಾಟದ ಸಾಧನವನ್ನು ತಾನೇ ಆರಿಸಿಕೊಳ್ಳುವಂತಿರಬೇಕೆಂದೂ ಆದೇಶಿಸಿತು. 2023ರ ಮಾರ್ಚಿನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ನಾಲ್ಕು ನಿರ್ದೇಶನಗಳನ್ನು ತೆಗೆದುಹಾಕಿತಾದರೂ ದಂಡವನ್ನು ಎತ್ತಿಹಿಡಿಯಿತು.