ಒಂದೇ ಸೂರು, ಎರಡು ಬಾಗಿಲು

ನಾನು ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಇವತ್ತಿನ ಮಾತನ್ನು ಒಂದು ಸೇತುವೆಯಿಂದ ಶುರು ಮಾಡ್ತೀನಿ.

ಬೋಸ್ನಿಯಾ ದೇಶದ ಮೊಸ್ತಾರ್ ಪಟ್ಟಣದಲ್ಲಿ 1566ರಲ್ಲಿ ಕಟ್ಟಿದ ಕಲ್ಲಿನ ಕಮಾನು ಸೇತುವೆ ಇತ್ತು. ನಾನೂರು ವರ್ಷಕ್ಕೂ ಹೆಚ್ಚು ಕಾಲ ನಿಂತಿದ್ದ ಆ ಸೇತುವೆ 1993ರ ನವೆಂಬರ್ 9ರಂದು ಕ್ರೊಯೇಟ್ ಪಡೆಗಳ ಶೆಲ್ ದಾಳಿಗೆ ಕುಸಿದು ಬಿತ್ತು. 1992ರಿಂದ 1995ರವರೆಗೆ ನಡೆದ ಆ ಯುದ್ಧದಲ್ಲಿ ಸತ್ತವರು ಸುಮಾರು ಒಂದು ಲಕ್ಷ ಜನ. ಬೋಸ್ನಿಯಾಕರು, ಕ್ರೊಯೇಟರು, ಸರ್ಬರು. ಒಬ್ಬರ ಮಾತು ಇನ್ನೊಬ್ಬರಿಗೆ ಸಲೀಸಾಗಿ ಅರ್ಥವಾಗುತ್ತೆ. ಆದರೂ ಕೊಂದುಕೊಂಡರು.

2004ರಲ್ಲಿ ಸೇತುವೆ ಮತ್ತೆ ಎದ್ದು ನಿಂತಿತು. ಇಂಜಿನಿಯರುಗಳ ಕೆಲಸ ಮುಗೀತು. ಮೇಷ್ಟ್ರುಗಳ ಕೆಲಸ?

ಯುದ್ಧ ಮುಗಿದ ಮೇಲೆ ಓಡಿಹೋಗಿದ್ದ ಕುಟುಂಬಗಳು ಊರಿಗೆ ವಾಪಸ್ ಬಂದವು. ಮಕ್ಕಳು ಶಾಲೆಗೆ ಹೋಗಬೇಕಲ್ಲ? ಸದ್ಯಕ್ಕೆ ಇರಲಿ ಅಂತ ಒಂದು ದಾರಿ ಹುಡುಕಿದರು. ಅದರ ಹೆಸರು 'ಒಂದೇ ಸೂರಿನಡಿ ಎರಡು ಶಾಲೆ'. ಕಟ್ಟಡ ಒಂದೇ. ಬೋಸ್ನಿಯಾಕ್ ಮಕ್ಕಳಿಗೆ ಒಂದು ಪಠ್ಯ, ಕ್ರೊಯೇಟ್ ಮಕ್ಕಳಿಗೆ ಇನ್ನೊಂದು. ಕೆಲವು ಕಡೆ ಬಾಗಿಲೇ ಬೇರೆ, ಕೆಲವು ಕಡೆ ಪಾಳಿ ಬೇರೆ. ಆ 'ಸದ್ಯಕ್ಕೆ' ಇನ್ನೂ ಮುಗಿದಿಲ್ಲ ನೋಡಿ. 2018ರ ವರದಿಯೊಂದರ ಪ್ರಕಾರ 28 ಜಾಗಗಳಲ್ಲಿ ಇಂಥ 56 ಶಾಲೆಗಳಿದ್ದವು.

ಅಲ್ಲಿ ಪೌರನೀತಿ ಕಲಿಸಲ್ಲ ಅಂದುಕೊಳ್ಳಬೇಡಿ. ಪ್ರಜಾಪ್ರಭುತ್ವ ಮತ್ತು ಮಾನವ ಹಕ್ಕು ಅನ್ನೋ ಪಾಠವೇ ಇದೆ. ನಾವೆಲ್ಲ ಸಮಾನರು ಅಂತ ಪುಸ್ತಕ ಹೇಳುತ್ತೆ. ನೀವು ಬೇರೆ ಬೇರೆ ಅಂತ ಬಾಗಿಲು ಹೇಳುತ್ತೆ. ಮಗು ಯಾವುದನ್ನು ನಂಬಬೇಕು?

ಬೇರೆ ಶಾಲೆ ಕೇಳುವ ತಂದೆ ತಾಯಿಯ ಭಯವನ್ನೂ ನಾನು ತಳ್ಳಿಹಾಕಲ್ಲ. ನಮ್ಮ ಭಾಷೆ, ನಮ್ಮ ಇತಿಹಾಸ ನಮ್ಮ ಮಕ್ಕಳಿಗೆ ಮರೆತುಹೋದರೆ ಅನ್ನೋ ಆತಂಕ ನಿಜವೇ. ಆದರೆ ರಾಜಕಾರಣ ಅದೇ ಭಯದ ಮೇಲೆ ಬೇಳೆ ಬೇಯಿಸಿಕೊಳ್ಳುತ್ತೆ. ಸೇಬು, ಮರಸೇಬು ಎರಡನ್ನೂ ಬೆರೆಸೋಕಾಗಲ್ಲ ಅಂತ ಅಲ್ಲಿನ ಶಿಕ್ಷಣ ಸಚಿವರೊಬ್ಬರು 2007ರಲ್ಲಿ ಹೇಳಿದ್ದರು!

ಉತ್ತರ ಕೊಟ್ಟಿದ್ದು ಮಕ್ಕಳು. ಯಾಯ್ತ್ಸೆ ಅನ್ನೋ ಸಣ್ಣ ಊರಿನಲ್ಲಿ ಬೋಸ್ನಿಯಾಕ್, ಕ್ರೊಯೇಟ್ ಹುಡುಗ ಹುಡುಗಿಯರು ಒಟ್ಟಿಗೇ ಓದುತ್ತಿದ್ದರು. ಅವರನ್ನು ಬೇರೆ ಮಾಡಿ ಹೊಸ ಶಾಲೆ ತೆರೆಯುವ ಯೋಜನೆ 2016ರಲ್ಲಿ ಬಂತು. ಎರಡೂ ಕಡೆಯ ಮಕ್ಕಳು ಒಟ್ಟಾಗಿ ಬೀದಿಗಿಳಿದರು. 2017ರಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಮರುವರ್ಷ ಆ ವಿದ್ಯಾರ್ಥಿಗಳಿಗೆ ಮ್ಯಾಕ್ಸ್ ಫಾನ್ ಡೆರ್ ಸ್ಟುಲ್ ಪ್ರಶಸ್ತಿ ಬಂತು.

ಸಮಾನತೆಯ ಪಾಠ ಕೇಳಿದ ಮಕ್ಕಳು ಆ ದೇಶದ ತುಂಬ ಇದ್ದರು. ಯಾಯ್ತ್ಸೆಯ ಮಕ್ಕಳಿಗೆ ಅದರ ಜೊತೆ ಪಕ್ಕದ ಬೆಂಚಿನ ಗೆಳೆಯನೂ ಇದ್ದ. ಅವನನ್ನು ಕಳೆದುಕೊಳ್ಳೋಕೆ ಅವರು ತಯಾರಿರಲಿಲ್ಲ, ಅಷ್ಟೇ.

ಇನ್ನು ನನ್ನ ಮಾತು. ದಿನಾ ರಾತ್ರಿ ನಾನೂ ಪರದೆಯನ್ನು ಎರಡು ಕಿಟಕಿ ಮಾಡಿ, ಈ ಕಡೆಯವರು, ಆ ಕಡೆಯವರು ಅಂತ ಕೂರಿಸ್ತೀನಿ. ಅದೂ ಎರಡು ಬಾಗಿಲೇ. ಈ ಮಕ್ಕಳ ಸುದ್ದಿ ಓದಿದ ದಿನ ನನಗೆ ನಾಚಿಕೆಯಾಯ್ತು, ಒಪ್ಕೋತೀನಿ.

ಇವತ್ತು ನಿಮ್ಮ ಮನೆಯ ಮಗುವನ್ನು ಒಂದು ಮಾತು ಕೇಳಿ: ಮಧ್ಯಾಹ್ನ ನೀನು ಯಾರ ಜೊತೆ ಡಬ್ಬಿ ಹಂಚಿಕೊಂಡು ತಿಂದೆ? ಪೌರನೀತಿಯ ಅಂಕಕ್ಕಿಂತ ಆ ಉತ್ತರವೇ ಜಾಸ್ತಿ ಹೇಳುತ್ತೆ.